ಕುಸುಬಿ ಹೂವಿಗೆ ಬೆಲೆ ಬರಬಹುದೇ?

ಅಣ್ಣಿಗೇರಿ, ನವಲಗುಂದ, ಕುಂದಗೋಳ ಸೀಮೆಯ ಎರೆ ಹೊಲಗಳಲ್ಲಿ ಬಿಳಿಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಇರುವುದು ಒಂದು ಕಾಲಕ್ಕೆ ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ಮುಳ್ಳಿನ ಗಿಡವಾದ್ದರಿಂದ ದನ ಒಳಗೆ ನುಗ್ಗುತ್ತಿರಲಿಲ್ಲ. ಬೀಜ ಗಾಣಕ್ಕೆ ಹೋಗಿ ವರ್ಷದ ಎಣ್ಣೆಯಾಗುತ್ತಿತ್ತು, ಹಿಂಡಿ ಎತ್ತಿನ ಗ್ವಾದಲಿಗೆ ಬರುತ್ತಿತ್ತು. ಎಳೆಯ ಎಲೆ ಪಲ್ಯವಾಗಿ ರೊಟ್ಟಿಯ ಜೊತೆಗೆ ತಾಟಿಗೆ ಬೀಳುತ್ತಿತ್ತು. ಹೂವು ಮಾತ್ರ ಯಾರಿಗೂ ಬೇಡವಾಗಿತ್ತು. ಹಳದಿಯಾಗಿ ಅರಳಿ, ಕೇಸರಿಯಾಗಿ ಮಾಗಿ, ಕೆಂಪಾಗಿ ಬಾಡಿ ಮಣ್ಣಿಗೆ ಬೀಳುತ್ತಿತ್ತು.

ಚೀನಾದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಈ ಗಿಡವನ್ನು ಶತಮಾನಗಳಿಂದ ಬೆಳೆದದ್ದು ಮುಖ್ಯವಾಗಿ ಹೂವಿಗಾಗಿ. ಹೊಂಗ್‌ಹುವಾ ಎಂಬ ಹೆಸರಿನಲ್ಲಿ ಅದು ಚೀನಿ ವೈದ್ಯರ ಅಂಗಡಿಯ ಖಾನೆಗಳಲ್ಲಿ ಕೂತಿದೆ, ಸರಕಾರದ ಔಷಧಕೋಶದಲ್ಲಿ ಅಳತೆಗಳ ಸಮೇತ ದಾಖಲಾಗಿದೆ. ಇಲ್ಲಿ ಉದುರಿ ಹೋಗುವ ಹೂವು ಅಲ್ಲಿ ಔಷಧಿಯಾಗುವುದಾದರೆ, ಕುಸುಬಿ ಬಿತ್ತುವುದನ್ನೇ ಬಿಡುತ್ತಿರುವ ಧಾರವಾಡದ ರೈತನಿಗೆ ಅದರಿಂದ ಏನಾದರೂ ದಕ್ಕೀತೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ಕೃಷಿ ವಲಯದಲ್ಲಿ ಓಡಾಡುತ್ತಿದೆ. ‘ಕುಸುಬಿ ಹೂವಿನ ಚಹಾ ಹೃದಯಕ್ಕೆ ಅಮೃತ’ ಎಂಬಂಥ ಪ್ರಚಾರವೂ ಅದರ ಬೆನ್ನಿಗೇ ಬಂದಿದೆ. ಇವೆರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು.

ಕುಸುಬಿ ಸೂರ್ಯಕಾಂತಿ, ಸೇವಂತಿಗೆಗಳ ಕುಲದ್ದು. ಹುಟ್ಟೂರು ಪಶ್ಚಿಮ ಏಷ್ಯಾ. ಅಲ್ಲಿಂದ ಈಜಿಪ್ಟಿಗೂ ಇಂಡಿಯಾಕ್ಕೂ ಚೀನಾಕ್ಕೂ ಹೋಗಿ ಒಂದೊಂದು ಕಡೆ ಒಂದೊಂದು ಸ್ವಭಾವ ಪಡೆಯಿತು. ಕ್ಯಾಲಿಫೋರ್ನಿಯಾದ ತಳಿವಿಜ್ಞಾನಿ ಪಾಲ್ ನೋಲ್ಸ್ 1969ರಲ್ಲಿ ಜಗತ್ತಿನ ಕುಸುಬಿಯನ್ನು ಪ್ರದೇಶವಾರು ಗುಂಪುಗಳಾಗಿ ವಿಂಗಡಿಸಿದಾಗ ಪೂರ್ವ ಏಷ್ಯಾದ ಗಿಡಗಳನ್ನೂ ಇಂಡಿಯಾ–ಪಾಕಿಸ್ತಾನದ ಗಿಡಗಳನ್ನೂ ಬೇರೆ ಬೇರೆ ಗುಂಪಿಗೆ ಸೇರಿಸಿದರು. ನಮ್ಮದು ಗಿಡ್ಡ ಜಾತಿ. ಕೊಂಬೆ ಜಾಸ್ತಿ, ಮುಳ್ಳೂ ಜಾಸ್ತಿ. ಎಣ್ಣೆಬೀಜಕ್ಕಾಗಿ ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡ ಗಿಡ ಅದು. ಹೂವಿನ ಗುಣ ನೋಡಿ ಬೀಜ ಕಟ್ಟಿಟ್ಟವರು ಇಲ್ಲಿ ಕಡಿಮೆ. ಹೂವಿನ ವ್ಯಾಪಾರದ ಮಾತು ಬಂದಾಗ ಈ ವ್ಯತ್ಯಾಸವನ್ನು ಯಾರೂ ನೆನೆಯುವುದಿಲ್ಲ.

ಎರೆ ಭೂಮಿಗೆ ಈ ಗಿಡ ಎಷ್ಟು ಹೊಂದುತ್ತದೆ ಎಂಬುದನ್ನು ಹಿಂಗಾರಿ ಹೊಲ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವುದರೊಳಗೆ ಬಿತ್ತಿದರೆ, ಮುಂದೆ ಒಂದು ಹನಿ ಬೀಳದಿದ್ದರೂ ಗಿಡ ನಿಲ್ಲುತ್ತದೆ. ತಾಯಿಬೇರು ಆಳಾಳಕ್ಕೆ ಇಳಿದು, ಜೋಳ–ಕಡಲೆಯ ಬೇರು ಮುಟ್ಟದ ತೇವವನ್ನು ಎಳೆದುಕೊಳ್ಳುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮೊಗ್ಗು ಕಟ್ಟುವ ಹೊತ್ತು. ಜನವರಿಯಲ್ಲಿ ಹೂವು, ಫೆಬ್ರುವರಿ–ಮಾರ್ಚಿನಲ್ಲಿ ರಾಶಿ. ಒಟ್ಟು ನಾಲ್ಕು ತಿಂಗಳಿಗೆ ಸ್ವಲ್ಪ ಮೇಲೆ. ಅದಕ್ಕೆ ಆಗದ್ದು ಎಂದರೆ ನಿಂತ ನೀರು. ಬೇರು ಕೊಳೆತು ಹೊಲಕ್ಕೆ ಹೊಲವೇ ಒಣಗುತ್ತದೆ.

ಇನ್ನು ಚೀನಿ ವೈದ್ಯದ ಮಾತು. ಕ್ರಿ.ಶ. 200ರ ಆಸುಪಾಸಿನ ವೈದ್ಯ ಜಾಂಗ್ ಝೊಂಗ್‌ಜಿಂಗ್ ಅವರ ಹೆಸರಿನಲ್ಲಿ ಉಳಿದುಬಂದಿರುವ ‘ಜಿನ್‌ಗುಯ್’ ಗ್ರಂಥದಲ್ಲಿ ಹೆಂಗಸರ ಹೊಟ್ಟೆನೋವಿಗೆ ಈ ಹೂವನ್ನು ಮದ್ಯದಲ್ಲಿ ಕುದಿಸಿ ಕೊಡುವ ವಿಧಾನವಿದೆ. ಮುಟ್ಟು ನಿಂತಾಗ, ಮುಟ್ಟಿನ ನೋವಿಗೆ, ಹೆರಿಗೆಯ ನಂತರ, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಕಡೆಗೆ ಅದನ್ನು ಬಳಸುತ್ತ ಬಂದರು. ರಕ್ತವನ್ನು ಓಡಿಸುವುದು, ಹೆಪ್ಪನ್ನು ಕರಗಿಸುವುದು ಅವರ ವೈದ್ಯದಲ್ಲಿ ಒಂದು ದೊಡ್ಡ ಚಿಕಿತ್ಸಾಕ್ರಮ. ಆ ಸಾಲಿನ ಮುಂಚೂಣಿಯ ಮೂಲಿಕೆ ಇದು. 1830ರಲ್ಲಿ ಬಂದ ವಾಂಗ್ ಚಿಂಗ್‌ರೆನ್ ಅವರ ಪುಸ್ತಕದಲ್ಲಿ ಎದೆಯಲ್ಲಿ ರಕ್ತ ಕಟ್ಟಿಕೊಂಡದ್ದಕ್ಕೆ ಹೇಳಿದ ಕಷಾಯದಲ್ಲಿಯೂ ಹೊಂಗ್‌ಹುವಾ ಇದೆ. ಇಂದಿಗೂ ಚೀನಾದಲ್ಲಿ ಹೃದ್ರೋಗಿಗಳಿಗೆ ಆ ಕಷಾಯ ಕೊಡುತ್ತಾರೆ. ಸಾಮಾನ್ಯ ಪ್ರಮಾಣ ದಿನಕ್ಕೆ 3ರಿಂದ 10 ಗ್ರಾಂ ಒಣಹೂವು, ಅದೂ ಬೇರೆ ಮೂಲಿಕೆಗಳ ಜೊತೆಗೆ, ರೋಗಿಯನ್ನು ನೋಡಿದ ವೈದ್ಯ ತೂಗಿ ಕೊಟ್ಟದ್ದು. ಇಂದು ಅಲ್ಲಿನ ಹೂವಿನ ಬೆಳೆಯ ಮುಖ್ಯ ನೆಲೆ ವಾಯವ್ಯದ ಶಿನ್‌ಜಿಯಾಂಗ್, ನಮ್ಮ ಬಯಲುಸೀಮೆಗಿಂತಲೂ ಒಣ ನಾಡು.

ಈ ಹೂವಿನೊಳಗೆ ಏನಿದೆ ಎಂಬುದನ್ನು ಆಧುನಿಕ ಪ್ರಯೋಗಾಲಯಗಳು ಬಿಡಿಸಿ ನೋಡಿವೆ. ನೀರಿನಲ್ಲಿ ಕರಗುವ ಹಳದಿ ಬಣ್ಣಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಸ್ಯಾಫ್ಲಾರ್ ಯೆಲ್ಲೋ ಎ. ಚೀನಿ ಔಷಧಕೋಶದ ಪ್ರಕಾರ ಒಣಹೂವಿನಲ್ಲಿ ಇದು ಶೇ. 1ಕ್ಕಿಂತ ಕಡಿಮೆ ಇರಕೂಡದು. ಕ್ಯಾಂಪ್ಫೆರಾಲ್ ಎಂಬ ಇನ್ನೊಂದು ವಸ್ತು ಶೇ. 0.05ಕ್ಕಿಂತ ಕಡಿಮೆ ಇರಕೂಡದು. ಈ ಹಳದಿ ವಸ್ತು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನು ತಗ್ಗಿಸುತ್ತದೆಂದು ಗಾಜಿನ ನಳಿಕೆಯಲ್ಲಿ, ಪ್ರಾಣಿಗಳಲ್ಲಿ ಪದೇಪದೇ ಕಂಡಿದೆ. ಹಳೆಯ ವೈದ್ಯರು ‘ರಕ್ತ ಓಡಿಸುತ್ತದೆ’ ಎಂದದ್ದಕ್ಕೆ ಹೀಗೆ ಒಂದು ಆಧಾರ ಸಿಕ್ಕಂತಾಯಿತು. ಆದರೆ ಮನುಷ್ಯರ ಮೇಲಿನ ಪರೀಕ್ಷೆಗಳಿಗೆ ಬಂದರೆ ನೆಲ ಅಷ್ಟು ಗಟ್ಟಿಯಿಲ್ಲ. ಹೆಚ್ಚಿನವು ಚಿಕ್ಕವು, ಯಾರಿಗೆ ಔಷಧಿ, ಯಾರಿಗೆ ಬರಿ ನೀರು ಎಂಬುದನ್ನು ರೋಗಿಗೂ ವೈದ್ಯನಿಗೂ ಗೊತ್ತಾಗದಂತೆ ಮುಚ್ಚಿಡುವ ಶಿಸ್ತು ಬಹಳಷ್ಟರಲ್ಲಿ ಸಾಲದು. ಅವನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದವರು ಪುರಾವೆ ದುರ್ಬಲ ಎಂದೇ ಬರೆದಿದ್ದಾರೆ.

ಅಪಾಯದ ಕಡೆ ಮಾತ್ರ ಸಂದೇಹಕ್ಕೆ ಎಡೆ ಕಡಿಮೆ. ಗರ್ಭಕೋಶವನ್ನು ಕೆರಳಿಸುವ ಗುಣವಿರುವುದರಿಂದ ಬಸುರಿಯರ ವಿಷಯದಲ್ಲಿ ಎಚ್ಚರ ಬೇಕೆಂದು ಚೀನಿ ಔಷಧಕೋಶವೇ ಹೇಳುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ. 2017ರಲ್ಲಿ ಚೀನಾದ ಔಷಧ ನಿಯಂತ್ರಕರು ಹೊಂಗ್‌ಹುವಾ ಚುಚ್ಚುಮದ್ದಿನ ಕೆಲವು ಕಂತುಗಳನ್ನು, ಹಾಕಿಸಿಕೊಂಡವರಿಗೆ ಚಳಿಜ್ವರ ಬಂದ ಕಾರಣಕ್ಕೆ, ಮಾರುಕಟ್ಟೆಯಿಂದ ಹಿಂದೆ ತರಿಸಿದರು. ನಮ್ಮ ಊರಿನ ಅಂಗಡಿಗಳಲ್ಲಿ ಹೂವಿನ ಚಹಾ ಪೊಟ್ಟಣಗಳನ್ನು ಮಾರುವವರು ಹೃದಯದ ಚಿತ್ರ ಹಾಕುತ್ತಾರೆ, ಈ ಎಚ್ಚರಿಕೆ ಹಾಕುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡು ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಿರುವ ಅರವತ್ತರ ಹಿರಿಯರು ಇಂದು ಪ್ರತಿ ಓಣಿಯಲ್ಲೂ ಇದ್ದಾರೆ. ಆ ಪೊಟ್ಟಣ ಕೊಳ್ಳುವವರೂ ಅವರೇ. ಇದು ನನಗೆ ನಿಜಕ್ಕೂ ಕಳವಳದ ಸಂಗತಿ.

ನಮ್ಮ ಆಯುರ್ವೇದಕ್ಕೆ ಕುಸುಬಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೊಂದು ವರ್ಗದ ಆಹಾರದಲ್ಲಿ ಅತ್ಯಂತ ಅಹಿತವಾದದ್ದು ಯಾವುದೆಂಬ ಪಟ್ಟಿ ಬರುತ್ತದೆ. ಸಸ್ಯಜನ್ಯ ಎಣ್ಣೆಗಳಲ್ಲಿ ಆ ಜಾಗ ಕುಸುಬಿ ಎಣ್ಣೆಗೆ. ಉತ್ತರ ಕರ್ನಾಟಕದ ಒಲೆಗಳು ಈ ಮಾತಿಗೆ ಕಿವಿಗೊಡಲಿಲ್ಲ. ಬೀಜವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒರಳಿನಲ್ಲಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿದರೆ ದಪ್ಪನೆಯ ಬಿಳಿಹಾಲು ಬರುತ್ತದೆ. ಬೀಜದ ತೂಕದಲ್ಲಿ ಅರ್ಧದಷ್ಟು ಗಡಸು ಸಿಪ್ಪೆಯೇ ಆದ್ದರಿಂದ ಎರಡು ಮೂರು ಸಲ ನೀರು ಹಾಕಿ ರುಬ್ಬಿ ಹಿಂಡಬೇಕು, ಇಲ್ಲದಿದ್ದರೆ ಹಾಲೆಲ್ಲ ಚರಟದಲ್ಲಿ ಉಳಿದುಬಿಡುತ್ತದೆ. ಕುಟ್ಟಿ ಸಿಪ್ಪೆ ತೆಗೆದ ಗೋಧಿಯನ್ನು ಬೇಯಿಸಿ, ಈ ಹಾಲು ಸುರಿದು, ಬೆಲ್ಲ ಹಾಕಿ, ತಳ ಹಿಡಿಯದಂತೆ ಕೈಬಿಡದೆ ತಿರುವಿದರೆ ಕುಸುಬಿ ಹುಗ್ಗಿ. ಏಲಕ್ಕಿ, ಗಸಗಸೆ, ಒಣಕೊಬ್ಬರಿ ಮನೆಮನೆಯ ಇಷ್ಟ. ಹಸುವಿನ ಹಾಲಿಲ್ಲದ ಹುಗ್ಗಿಯಲ್ಲಿ ಇಷ್ಟು ಜಿಡ್ಡು, ಇಷ್ಟು ಪರಿಮಳ ಹೇಗೆ ಬಂತೆಂದು ಮೊದಲ ಸಲ ಉಂಡವರು ಕೇಳುತ್ತಾರೆ. ಹೂವಿನ ಔಷಧಿಯ ಬಗ್ಗೆ ಬರೆದವರು ಹಲವರು. ಈ ಹಾಲಿನ ಪೌಷ್ಟಿಕತೆಯ ಬಗ್ಗೆ ಅದರ ಕಾಲುಭಾಗ ಬರೆದಿದ್ದರೂ ಚೆನ್ನಾಗಿತ್ತು.

ಕುಸುಬಿಗೆ ಹೃದಯದ ಔಷಧಿಯೆಂಬ ಹೆಸರು ಬಂದದ್ದು ಇದು ಮೊದಲಲ್ಲ. ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಮುಕ್ಕಾಲು ಭಾಗದ ಹತ್ತಿರ ಇರುವುದರಿಂದ, ಅದು ಕೊಲೆಸ್ಟರಾಲ್ ಇಳಿಸುವುದರಿಂದ, ಕಳೆದ ಶತಮಾನದ ಅರವತ್ತು–ಎಪ್ಪತ್ತರ ದಶಕದಲ್ಲಿ ಜಗತ್ತಿನೆಲ್ಲೆಡೆ ಕುಸುಬಿ ಎಣ್ಣೆ ಹೃದಯಸ್ನೇಹಿ ಎನಿಸಿಕೊಂಡಿತು. ನಮ್ಮ ದೇಶದ ಪೇಟೆಗೂ ಆ ಕೀರ್ತಿ ಬಂತು. ಕುಸುಬಿಯ ಇಂಗ್ಲಿಷ್ ಹೆಸರು ಸ್ಯಾಫ್ಲವರ್‌ನಿಂದ ಬಂದ ಸಫೋಲಾ ಎಂಬ ಎಣ್ಣೆಯ ಹೆಸರೇ ಅದಕ್ಕೆ ಸಾಕ್ಷಿ. ಆದರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಆಗಷ್ಟೇ ಹೃದಯಾಘಾತದಂಥ ತೊಂದರೆ ಆಗಿದ್ದ 458 ಗಂಡಸರ ಮೇಲೆ ಒಂದು ಪರೀಕ್ಷೆ ನಡೆದಿತ್ತು. ಅವರಲ್ಲಿ ಒಂದು ಗುಂಪಿಗೆ ಬೆಣ್ಣೆ–ಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತು ಅದರ ಮಾರ್ಗರಿನ್ ಕೊಟ್ಟರು. ಬಿಟ್ಟುಹೋಗಿದ್ದ ಆ ಹಳೆಯ ದಾಖಲೆಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದ ಫಲಿತಾಂಶ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು: ಕೊಲೆಸ್ಟರಾಲ್ ಇಳಿದಿತ್ತು, ಸತ್ತವರು ಮಾತ್ರ ಕುಸುಬಿ ಗುಂಪಿನಲ್ಲೇ ಹೆಚ್ಚು. ಶೇ. 17.6, ಎದುರು ಗುಂಪಿನಲ್ಲಿ ಶೇ. 11.8. ಒಂದೇ ಪರೀಕ್ಷೆಯಿಂದ ಎಣ್ಣೆ ವಿಷವಾಗುವುದಿಲ್ಲ. ರೊಟ್ಟಿ–ಪಲ್ಯದ ಊಟದಲ್ಲಿ ನಾಲ್ಕು ಚಮಚ ಗಾಣದೆಣ್ಣೆ ಉಣ್ಣುವವರ ಸ್ಥಿತಿಯೂ, ಅದನ್ನೇ ಔಷಧಿಯಂತೆ ಹೇರಿಸಿಕೊಂಡ ಸಿಡ್ನಿಯ ರೋಗಿಗಳ ಸ್ಥಿತಿಯೂ ಒಂದಲ್ಲ. ಆದರೂ ಬೀಜಕ್ಕೆ ಒಮ್ಮೆ ಕೊಟ್ಟ ಬಿರುದನ್ನು ಈಗ ಹೂವಿಗೆ ಕೊಡುವ ಮುಂಚೆ ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಲೇಬೇಕು.

ಇಷ್ಟು ಕೀರ್ತಿ ಇದ್ದ ಬೆಳೆ ಹೊಲದಿಂದ ಮಾಯವಾದದ್ದು ಹೇಗೆ? 1980ರ ದಶಕದಲ್ಲಿ ದೇಶದಲ್ಲಿ ಏಳೆಂಟು ಲಕ್ಷ ಹೆಕ್ಟೇರಿನಷ್ಟಿದ್ದ ಕುಸುಬಿ ಇತ್ತೀಚಿನ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಕೆಳಗಿಳಿದಿದೆ. ಕರ್ನಾಟಕ, ಮಹಾರಾಷ್ಟ್ರಗಳೇ ಇದರ ತವರಾದ್ದರಿಂದ ನಷ್ಟವೂ ಇಲ್ಲಿಯದೇ. 1986ರ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಕೆಲವು ವರ್ಷ ಕೈಹಿಡಿಯಿತು. 1994ರಿಂದ ಖಾದ್ಯತೈಲದ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ತಾಳೆ ಎಣ್ಣೆ ಹಳ್ಳಿಯ ಕಿರಾಣಿ ಅಂಗಡಿಗೂ ಬಂತು, ಊರ ಗಾಣಗಳು ನಿಂತವು. ಇತ್ತ ಮಲಪ್ರಭೆಯ ಕಾಲುವೆ ನವಲಗುಂದ–ನರಗುಂದದ ಎರೆಗೆ ನೀರು ತಂದಿತು. ನೀರು ಬಂದ ಹೊಲದಲ್ಲಿ ಹತ್ತಿ, ಗೋವಿನಜೋಳ ನಿಂತವು. ನೀರು ಬಾರದ ಹೊಲವನ್ನು ಕಡಲೆ ಹಿಡಿಯಿತು. ಆ ಕಡಲೆಯಲ್ಲೂ ಹೆಸರಾದ ತಳಿ ಅಣ್ಣಿಗೇರಿ–1, ಅದೇ ಅಣ್ಣಿಗೇರಿಯ ಸಂಶೋಧನಾ ಕೇಂದ್ರದ್ದು. ಕುಸುಬಿಯ ಎ–1, ಎ–2 ತಳಿಗಳೂ ಅಲ್ಲಿಯವೇ. ಒಂದೇ ಕೇಂದ್ರದ ಒಂದು ಬೆಳೆ ಇನ್ನೊಂದನ್ನು ಹೊಲದಿಂದ ಹೊರಗೆ ಹಾಕಿತು.

ಬೆಲೆಯೊಂದೇ ಕಾರಣವಲ್ಲ. 2025–26ರ ಹಿಂಗಾರಿ ಮಾರಾಟ ಹಂಗಾಮಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕುಸುಬಿಗೆ ಕ್ವಿಂಟಲಿಗೆ 5,940 ರೂಪಾಯಿ, ಕಡಲೆಗೆ 5,650. ಕಾಗದದ ಮೇಲೆ ಕುಸುಬಿಯದೇ ಮೇಲುಗೈ. ಆದರೆ ಕಡಲೆಗೆ ಖರೀದಿ ಕೇಂದ್ರ ತೆರೆಯುತ್ತದೆ, ಅಡತಿ ಅಂಗಡಿಯಲ್ಲಿ ಹತ್ತು ಜನ ಕೇಳುತ್ತಾರೆ. ಕುಸುಬಿಯ ಚೀಲ ಹಾಕಿಕೊಂಡು ಹೋದವನಿಗೆ ಕೊಳ್ಳುವವರೇ ಬೆರಳೆಣಿಕೆ. ಇದರ ಮೇಲೆ ಹೇನಿನ ಕಾಟ. ತಡವಾಗಿ ಬಿತ್ತಿದ ಹೊಲದಲ್ಲಿ ಕಾಂಡ ಕಾಣದಷ್ಟು ಕರಿಹೇನು ಮುತ್ತಿ, ಅಂಟು ಸುರಿಸಿ, ಗಿಡ ಕರ್ರಗಾಗಿ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡದು ಮುಳ್ಳು. ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗಲೇ ನಸುಕಿನಲ್ಲಿ ಕೊಯ್ಯಬೇಕು, ಕೈಗೆ ಬಟ್ಟೆ, ಕಾಲಿಗೆ ಗೋಣಿ ಸುತ್ತಿಕೊಂಡು. ‘ಕೊಯ್ಯಾಕ ಆಳ ಸಿಗಂಗಿಲ್ರಿ’ ಎಂಬ ಮಾತು ಕುಸುಬಿ ಬಿಟ್ಟ ಯಾವ ಊರಿಗೆ ಹೋದರೂ ಕೇಳುತ್ತದೆ.

ಹೂವಿನ ಆಸೆ ಹುಟ್ಟಿದ್ದು ಇಂಥ ಹೊತ್ತಿನಲ್ಲಿ, ಅದರ ಹಿಂದೆ ಒಂದು ಒಳ್ಳೆಯ ಸಂಗತಿಯಿದೆ. ಹೂವಿಗೆ ಬಣ್ಣ ತುಂಬುವುದು ಬಾಡುವಾಗ. ಅಷ್ಟು ಹೊತ್ತಿಗೆ ಪರಾಗಸ್ಪರ್ಶ ಮುಗಿದು ಒಳಗೆ ಬೀಜ ಕಟ್ಟಲು ಶುರುವಾಗಿರುತ್ತದೆ. ಆಗ ಎಸಳು ಕಿತ್ತರೆ ಬೀಜದ ಇಳುವರಿಗೆ ಪೆಟ್ಟಿಲ್ಲ. ಒಂದೇ ಗಿಡ, ಎರಡು ಫಸಲು. ಸಾತಾರಾ ಜಿಲ್ಲೆಯ ಫಲ್ಟಣದಲ್ಲಿ ಬಿ. ವಿ. ನಿಂಬಕರ್ 1968ರಲ್ಲಿ ಕಟ್ಟಿದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಈ ದಾರಿಯಲ್ಲಿ ಬಹಳ ದುಡಿದಿದೆ. ಮುಳ್ಳಿಲ್ಲದ ನಾರಿ–6 ತಳಿ, ಮುಳ್ಳಿಲ್ಲದ ಮೊದಲ ಸಂಕರಣ ತಳಿ ನಾರಿ–ಎನ್‌ಎಚ್–1 ಅಲ್ಲಿಂದ ಬಂದವು. ಎಸಳು ಬಿಡಿಸಲು ಬೆನ್ನಿಗೆ ಹಾಕಿಕೊಳ್ಳುವ, ಗಾಳಿ ಎಳೆದು ಹೂವು ಹೀರುವ ಯಂತ್ರವನ್ನೂ ಅವರು ಮಾಡಿದರು. ಕೈಯಿಂದ ಬಿಡಿಸುವುದು ಎಷ್ಟು ತ್ರಾಸು ಎಂಬುದನ್ನು ಈ ಯಂತ್ರವೇ ಹೇಳುತ್ತದೆ: ಒಂದೊಂದು ತೆನೆಯನ್ನೂ ಬೇರೆಯಾಗಿ ಹಿಡಿಯಬೇಕು, ಎಲ್ಲ ತೆನೆಯೂ ಒಂದೇ ದಿನ ಅರಳುವುದಿಲ್ಲ, ಅದೇ ಹೊಲಕ್ಕೆ ಎರಡು ದಿನಕ್ಕೊಮ್ಮೆ ಮತ್ತೆ ಮತ್ತೆ ಹೋಗಬೇಕು. ದಿನವಿಡೀ ಬಿಡಿಸಿದ್ದು ಒಣಗಿದ ಮೇಲೆ ಒಂದು ಚಿಕ್ಕ ಚೀಲ. ರಾಶಿಗೇ ಆಳು ಸಿಗದ ಸೀಮೆಯಲ್ಲಿ ಈ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಎಕರೆಗೆ ಇಷ್ಟು ಆದಾಯ ಎಂದು ಹೇಳಬೇಕು. ದೊಡ್ಡ ಹಿಡುವಳಿಯವರಿಗಿಂತ, ಕಾಲು ಎಕರೆಯಲ್ಲಿ ಮುಳ್ಳಿಲ್ಲದ ಕುಸುಬಿ ಹಾಕಿ ಮನೆಯವರೇ ಬಿಡಿಸುವ ಸಣ್ಣ ಕುಟುಂಬಕ್ಕೆ, ಸ್ತ್ರೀಶಕ್ತಿ ಸಂಘಗಳಿಗೆ ಇದು ಒಗ್ಗೀತು ಎಂಬುದು ನನ್ನ ಅನಿಸಿಕೆ.

ಮುಳ್ಳಿಲ್ಲದ ಗಿಡಕ್ಕೂ ತನ್ನದೇ ತೊಡಕಿದೆ. ಹೊಲದ ಅಂಚಿಗೆ ಹಾಕಿದರೆ ಬೇಲಿಯ ಕೆಲಸ ಮಾಡುವುದಿಲ್ಲ, ದನವೇ ಮೇಯುತ್ತದೆ.

ಇನ್ನೊಂದು ಅಪಾಯ ಮಾರುಕಟ್ಟೆಯದು. ಒಣ ಕುಸುಬಿ ಎಸಳು ಕೇಸರಿಯಲ್ಲಿ ಕಲಬೆರಕೆಗೆ ಹೋಗುವುದು ಹಳೆಯ ರೋಗ. ಕೇಸರಿಯ ಎಳೆ ತುದಿಯಲ್ಲಿ ತುತ್ತೂರಿಯಂತೆ ಅಗಲವಾಗುತ್ತದೆ. ಕುಸುಬಿಯದು ತೆಳು ಕೊಳವೆ, ತುದಿ ಐದಾಗಿ ಸೀಳಿರುತ್ತದೆ. ಬೆಚ್ಚನೆಯ ನೀರಿಗೆ ಹಾಕಿದರೆ ಕೇಸರಿ ನಿಧಾನಕ್ಕೆ ಹಳದಿ ಬಿಡುತ್ತದೆ, ಕುಸುಬಿ ಗಡಿಬಿಡಿಯಲ್ಲಿ ಬಣ್ಣ ಚೆಲ್ಲುತ್ತದೆ. ಹೂವಿಗೆ ತನ್ನ ಹೆಸರಿನಲ್ಲೇ ಮರ್ಯಾದೆಯ ಮಾರುಕಟ್ಟೆ ಇಲ್ಲದಿದ್ದರೆ ಅದನ್ನು ಮೊದಲು ಕೊಳ್ಳಲು ಬರುವವನು ಈ ಕಲಬೆರಕೆಯವನೇ. ರೈತ ದುಡಿದದ್ದು ಮೋಸದ ಸರಕಾಗಿ ಹೋಗಬಾರದು.

ಮರ್ಯಾದೆಯ ಮಾರುಕಟ್ಟೆ ಇರುವುದು, ನನ್ನ ಮಟ್ಟಿಗೆ, ಬಣ್ಣದಲ್ಲಿ. ಹೂವಿನ ಹಳದಿ ತಣ್ಣೀರಿನಲ್ಲೇ ಬಿಟ್ಟುಹೋಗುತ್ತದೆ. ಕೆಂಪು, ಅಂದರೆ ಕಾರ್ಥಮಿನ್, ನೀರಿಗೆ ಬಗ್ಗುವುದಿಲ್ಲ. ಹಳದಿಯೆಲ್ಲ ಹೋಗುವವರೆಗೆ ಹೂವನ್ನು ತೊಳೆದು ತೊಳೆದು ಹಿಂಡಿ, ಬೂದಿಯ ಕ್ಷಾರದ ನೀರಿನಲ್ಲಿ ನೆನೆಸಿದರೆ ಕೆಂಪು ಹೊರಬರುತ್ತದೆ. ಅದಕ್ಕೆ ಹುಳಿ ಹಿಂಡಿದೊಡನೆ ಬಣ್ಣ ತಿಳಿಯಾಗಿ ಮೇಲೆದ್ದು ಬಟ್ಟೆಗೆ ಹತ್ತುತ್ತದೆ. ಜಪಾನಿನ ಯಾಮಾಗಾತಾದಲ್ಲಿ ಈ ಕೆಂಪು ಇಂದಿಗೂ ರೇಷ್ಮೆಗೂ ತುಟಿಗೂ ಹತ್ತುತ್ತದೆ. ಬಿಸಿಲಿಗೆ ಬೇಗ ಮಾಸುವುದು ಅದರ ದೋಷ. ಹಳದಿಗೆ ಆಹಾರದ ಬಣ್ಣವಾಗಿ ಬೇಡಿಕೆಯಿದೆ. ಔಷಧಿಗೆ ಬೇಕಾದ ವರ್ಷಗಟ್ಟಲೆಯ ರೋಗಿ ಪರೀಕ್ಷೆ ಇದಕ್ಕೆ ಬೇಡ. ಬಣ್ಣ ಬಂದರೆ ಬಂತು. ಧಾರವಾಡದಲ್ಲಿ ಜವಳಿ ಕಲಿಸುವ ಸಮುದಾಯ ವಿಜ್ಞಾನ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಂಗಳದಲ್ಲೇ ಇದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಿಂದ ಖಾದಿ ಸಂಘವಿದೆ, ಗರಗದಲ್ಲಿ ಮಗ್ಗಗಳಿವೆ. ನಲವತ್ತು ಐವತ್ತು ಕಿಲೋಮೀಟರಿನೊಳಗೆ ಹೊಲವೂ ಮಗ್ಗವೂ ಕಲಿಸುವವರೂ ಇರುವ ಊರು ಇದು.

ಔಷಧಿಯ ದಾರಿಯನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆ ದಾರಿಗೆ ಹೋಗುವವರು ಮೊದಲು ಎ–1, ಎ–2ರ ಎಸಳನ್ನು ಶಿನ್‌ಜಿಯಾಂಗಿನ ಎಸಳಿನ ಪಕ್ಕ ಇಟ್ಟು, ಚೀನಿ ಔಷಧಕೋಶದ ಆ ಶೇ. 1ರ ಗೆರೆಯನ್ನು ನಮ್ಮ ಎರೆಯ ಹೂವು ದಾಟುತ್ತದೆಯೇ ಎಂದು ಅಳೆಯಲಿ. ಹೇನಿಗೆ ಹೊಡೆದ ಕೀಟನಾಶಕ ಎಸಳಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಲಿ. ಹೇನು ಏರುವುದೂ ಹೂವು ಬರುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಬೀಜಕ್ಕಾದರೆ ಸಿಪ್ಪೆಯ ಕವಚವಿದೆ, ಎಸಳಿಗೆ ಏನೂ ಇಲ್ಲ. ಪೊಟ್ಟಣದ ಮೇಲೆ ಬಸುರಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಎಚ್ಚರಿಕೆ ಇರಲಿ.

ಹೂವಿನ ಮಾತು ಹೇಗೇ ಇತ್ಯರ್ಥವಾಗಲಿ, ಗಿಡ ಮೊದಲು ಹೊಲಕ್ಕೆ ಮರಳಬೇಕು. ಅದಕ್ಕೆ ಬೇಕಾದದ್ದು ಅಮರಗೋಳದ ಎಪಿಎಂಸಿಯಲ್ಲಿ ಬೆಂಬಲ ಬೆಲೆಗೆ ನಿಜವಾಗಿ ಚೀಲ ಎತ್ತುವ ಖರೀದಿ, ಹಳ್ಳಿಗೊಂದು ಗಾಣ, ಸಕಾಲಕ್ಕೆ ಕೈಗೆ ಸಿಗುವ ಮುಳ್ಳಿಲ್ಲದ ಬೀಜ. ಪ್ರತಿವರ್ಷ ಸೆಪ್ಟೆಂಬರಿನ ಹೊತ್ತಿಗೆ ಧಾರವಾಡದಲ್ಲಿ ಕೃಷಿಮೇಳ ನಡೆಯುತ್ತದೆ, ಸರಿಯಾಗಿ ಕುಸುಬಿ ಬಿತ್ತನೆಯ ಮುಂಚೆ. ಅಲ್ಲಿ ಕಡಲೆ ಬೀಜದ ಮಳಿಗೆಯ ಮುಂದೆ ನಿಲ್ಲುವಷ್ಟು ಜನ ಕುಸುಬಿ ಬೀಜಕ್ಕೂ ನಿಲ್ಲುವಂತಾದರೆ, ಎಸಳಿನ ಲೆಕ್ಕ ಮಾಡಲು ಜನವರಿಯವರೆಗೆ ಸಮಯವಿದೆ.